ಸರೋವರದ ದಡದಲ್ಲಿ ಮಾತು ಬಿಟ್ಟ ದಿನ

ಉತ್ತರ ಮಿನೆಸೋಟಾ, ಭಾನುವಾರ

ಮಗ ಆರ್ವಿಡ್‌ನಿಗೆ,

ನಾನು ನಿನ್ನ ತಾಯಿ, ನಮ್ಮ ಬೇಕರಿಯ ಯಜಮಾನಿ. ನಲವತ್ತು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸಿದವರಿಲ್ಲ. ಬೇಸಿಗೆಯಿಡೀ ಸ್ಕೌಟ್ ಶಿಬಿರದ ಸೇವೆಗೆ ನಿಲ್ಲುತ್ತೇನೆಂದು ಹಟ ಹಿಡಿದ ನಿನ್ನ ಮಗಳು ಸಿಗ್ನಿಯನ್ನು ಬೇಕರಿಯ ಗಲ್ಲಾಕ್ಕೆ ಎಳೆದು ತರಲೆಂದೇ ಬಂದಿದ್ದೆ. ಗೆಳತಿಯರು ಮತ ಹಾಕಿ ಅವಳನ್ನು ಸ್ಕೌಟ್‌ಗಳ ಸೇವಾ ಸಂಘವಾದ ‘ಬಾಣದ ಬಳಗ’ಕ್ಕೆ ಆರಿಸಿದ್ದಾರಲ್ಲ, ತಂಡಕ್ಕೆ ವರ್ಷಗಟ್ಟಲೆ ಅಡುಗೆ ಮಾಡಿದವಳೆಂದು ನನ್ನನ್ನೂ ಸೇರಿಸಿಕೊಂಡರು. ಸೇರುವವರು ಒಂದು ದಿನ ಅರೆಹೊಟ್ಟೆಯಲ್ಲಿ, ಮಾತಿಲ್ಲದೆ ದುಡಿಯಬೇಕು.

ನಿನ್ನೆ ಸರೋವರದ ಮಂಜಿನೊಳಗೆ ಅರವತ್ತು ಜನ ಹಲಗೆ ಹೊತ್ತು, ನಿದ್ದೆಯಲ್ಲಿ ನಡೆಯುವವರಂತೆ ತೇಲಿ ಬಂದರು. ಸುತ್ತಿಗೆಯ ಸದ್ದು, ದೂರದಲ್ಲಿ ನೀರುಹಕ್ಕಿಯ ಕೂಗು, ಅಷ್ಟೇ. ದೋಣಿಕಟ್ಟೆಗೆ ಸಿಗ್ನಿ ಹೊಡೆದ ಮೊಳೆ ಸೊಟ್ಟಗಾಯಿತು. ತಿದ್ದಲು ನನಗೆ ಬಾಯಿಲ್ಲ. ಅವಳೇ ಕಿತ್ತಳು, ನೆಟ್ಟಗೆ ಮಾಡಿ ಮತ್ತೆ ಹೊಡೆದಳು. ಆಮೇಲೆ ಸಂಜೆಯವರೆಗೆ ಒಂದೂ ಸೊಟ್ಟಗಾಗಲಿಲ್ಲ.

ರಾತ್ರಿ ಊಟಕ್ಕೆ ಮೌನ ಬಿಟ್ಟಾಗ ಅವಳ ಮೊದಲ ಮಾತು: “ಅಜ್ಜಿ, ಹುಷಾರಾಗಿದ್ದೀಯಾ? ಬೆಳಗ್ಗಿಂದ ಒಂದ್ಸಲನೂ ಬೈದಿಲ್ಲ.”

“ಎಲ್ಲಾ ಕೂಡಿಟ್ಟಿದೀನಿ. ಮೊದ್ಲು ತಿನ್ನು.”

ನನ್ನ ಮೊಣಕಾಲು ನೋವು ತಡೆಯುವಷ್ಟಿದೆ. ಗಲ್ಲಾಕ್ಕೆ ಬೇರೆ ಹುಡುಗಿಯನ್ನು ನೋಡು. ಊರಿಗೆ ಕರೆತರಲು ಸಿಗ್ನಿಗೆ ಕೊಂಡಿದ್ದ ಟಿಕೆಟ್ ವಾಪಸ್ ಕೊಟ್ಟು, ನನ್ನ ಮಳೆಕೋಟನ್ನು ಅವಳಿಗೆ ಬಿಟ್ಟು, ಒಬ್ಬಳೇ ಬಸ್ಸು ಹತ್ತಿದ್ದೇನೆ.

ಅಮ್ಮ