ಫೋಂಗ್ ನ್ಯಾದಲ್ಲಿ ಒಂದು ವಿಶ್ರಾಂತಿಯ ದಿನ

ಬಂಗಾರಪೇಟೆ
೩ ಸೆಪ್ಟೆಂಬರ್ ೨೦೨೫, ಬುಧವಾರ

ಉರಿಗಾಂನ ಸೆಲ್ವರಾಜನಿಗೆ ಕೋದಂಡಪ್ಪ ಮೇಷ್ಟರು ಬರೆಯುವುದು. ಹಳೆಯ ಶಿಷ್ಯನಿಗೆ ಬರೆಯುವ ಕಾಗದದ ಮೊದಲ ಸಾಲಿನಲ್ಲಿ ಆಶೀರ್ವಾದ ಇರಬೇಕು. ನಿನ್ನ ಉತ್ತರ ಬರುವವರೆಗೆ ಅದನ್ನು ತಡೆಹಿಡಿದಿದ್ದೇನೆ.

ಹೋದ ವಾರ ನೀನು ಮನೆಗೆ ಬಂದು ನನ್ನ ಮಗ ಗೋಪಿನಾಥನ ಸೈಕಲ್ಲನ್ನು ಕೇಳಿದೆ. ವಿಯೆಟ್ನಾಂನಲ್ಲಿ ನೀವಿಬ್ಬರೂ ತುಳಿಯದೆ ಬಿಟ್ಟ ದಾರಿಯನ್ನು ಅದರಲ್ಲೇ ಮುಗಿಸಿ ಬರುವೆನೆಂದೆ. ನನ್ನ ಸೊಸೆ ಸುಮಲತ ಕಣ್ಣೊರೆಸಿಕೊಂಡು ಒಪ್ಪಿಬಿಟ್ಟಳು. ನಾನು ಒಪ್ಪಲಿಲ್ಲ. ಕಾರಣವನ್ನು ಅವಳೆದುರು ಹೇಳಲಾಗದೆ ಬರೆಯುತ್ತಿದ್ದೇನೆ. ಮಾರ್ಚ್ ಹನ್ನೆರಡನೆಯ ತಾರೀಕಿನ ಬಗ್ಗೆ ನೀನು ನಿಜ ಹೇಳುವವರೆಗೆ ಆ ಸೈಕಲ್ ನಮ್ಮ ಹಜಾರದಿಂದ ಕದಲುವುದಿಲ್ಲ.

ಹದಿಮೂರರ ಬೆಳಿಗ್ಗೆ ಗುಡ್ಡ ಹತ್ತುವಾಗ ಗೋಪಿ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ. ಅದಕ್ಕೆ ಪ್ರಮಾಣಪತ್ರವಿದೆ, ನನ್ನ ತಕರಾರಿಲ್ಲ. ತಕರಾರು ಅದರ ಹಿಂದಿನ ದಿನದ್ದು. ಹತ್ತು ದಿನ ಎಡೆಬಿಡದೆ ತುಳಿದು, ಹನ್ನೊಂದನೆಯ ದಿನ ಫೋಂಗ್ ನ್ಯಾ ಎಂಬ ಹೊಳೆದಂಡೆಯ ಊರಿನಲ್ಲಿ ನೀವು ವಿಶ್ರಾಂತಿ ತೆಗೆದುಕೊಂಡಿರಿ. ಆ ದಿನದ ಬಗ್ಗೆ ನೀನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದಿಟ್ಟಿದ್ದೇನೆ: “ಆವತ್ತೇನಿಲ್ಲ ಮೇಷ್ಟ್ರೇ. ಮದ್ಯಾನದ್ ಗಂಟ ಮಲ್ಗಿದ್ವಿ. ಬಟ್ಟೆ ಒಗ್ದು ಆಕಿದ್ವಿ, ಚೈನಿಗೆ ಎಣ್ಣೆ ಬಿಟ್ವಿ. ಮರಕ್ಕೆ ಕಟ್ಟಿದ್ ಬಲೆ ಉಯ್ಯಾಲೇಲಿ ಬಿದ್ಕಂಡು ಕಾಪಿ ಪಿಲ್ಟ್ರಿಂದ ಲೋಟಕ್ಕೆ ತೊಟ್ಟಿಕ್ಕೋದ್ ನೋಡ್ತಿದ್ವಿ. ಇದು ನಮ್ಮೂರ್ ನಲ್ಲಿಗಿಂತ ನಿದಾನ ಕಣ್ಲಾ ಅಂದ ಗೋಪಿ.”

ಮಾತು ಸೊಗಸಾಗಿದೆ. ನನ್ನ ಸಂಶಯ ಹುಟ್ಟಿದ್ದೇ ಆ ಸೊಗಸಿನಿಂದ. ಕೋಲಾರದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತವನು ನಾನು. ಬಾಯಿಪಾಠವನ್ನು ಎರಡನೆಯ ವಾಕ್ಯದಲ್ಲೇ ಗುರುತಿಸಬಲ್ಲೆ. ನೆನಪಿನಿಂದ ಹೇಳುವವನು ಒಮ್ಮೆ ಕಾಫಿಯಿಂದ ಶುರುಮಾಡುತ್ತಾನೆ, ಇನ್ನೊಮ್ಮೆ ಬಟ್ಟೆಯಿಂದ. ನೀನು ನನಗೆ, ಸುಮಲತಳಿಗೆ, ಗೋಪಿ ಪಾಠ ಹೇಳುತ್ತಿದ್ದ ಕಾಮಸಮುದ್ರದ ಶಾಲೆಯವರಿಗೆ, ಮೂರು ಕಡೆಯೂ ಒಂದೇ ಕ್ರಮದಲ್ಲಿ ಹೇಳಿದೆ. ನಲ್ಲಿಯ ತಮಾಷೆ ಮೂರು ಸಲವೂ ಕೊನೆಗೇ ಬಂತು.

ಅವನ ಫೋನಿನಲ್ಲಿ ಅಂದಿನ ಬೆಳಗಿನ ಒಂಬತ್ತು ನಲವತ್ತರ ಫೋಟೋ ಇದೆ. ಮರದ ಕೆಳಗೆ ಕ್ಷೌರಿಕನ ಕುರ್ಚಿ, ಗೋಡೆಗೆ ನೇತುಹಾಕಿದ ಕನ್ನಡಿ, ಅರ್ಧ ಮುಖಕ್ಕೆ ಸೋಪಿನ ನೊರೆ. ಒಗೆದ ಅಂಗಿಗೆ ಕುತ್ತಿಗೆಯವರೆಗೆ ಗುಂಡಿ, ಕಾಲಿಗೆ ಷೂ. ಇವನು ಮಧ್ಯಾಹ್ನದವರೆಗೆ ಮಲಗಿದ್ದವನೇ? ಡಾಕ್ಟರರ ಬಳಿ ಹೋಗುವ ಮುನ್ನ ಕ್ಷೌರ ಮಾಡಿಸಿಕೊಳ್ಳುವುದು ಅವನು ನನ್ನಿಂದ ಕಲಿತ ಪದ್ಧತಿ. ಆ ಕಾರಣಕ್ಕೇ ಹ್ಯಾಂಡಲ್ಲಿನ ಚೀಲವನ್ನು ಶೋಧಿಸಿದೆ. ಪಂಕ್ಚರ್ ತೇಪೆಗಳ ಡಬ್ಬಿಯಲ್ಲಿ ಮಡಿಸಿಟ್ಟ ಒಂದು ಚೀಟಿ ಸಿಕ್ಕಿತು. ಭಾಷೆ ಅವರದು, ಆದರೆ ಅಂಕಿಗಳಿಗೆ ಅನುವಾದ ಬೇಕಿಲ್ಲ. ತಾರೀಕು ಹನ್ನೆರಡು. ರಕ್ತದೊತ್ತಡ ನೂರೆಪ್ಪತ್ತು, ಕೆಳಗೆ ನೂರಹತ್ತು. ನಮ್ಮ ಬೀದಿಯ ಔಷಧದ ಅಂಗಡಿಯ ಸುಬ್ರಮಣಿಗೆ ತೋರಿಸಿದೆ. “ಯಾರ್ದು ಮೇಷ್ಟ್ರೇ ಇದು? ಇಷ್ಟಿದ್ರೆ ಮೆಟ್ಲೂ ಅತ್ತಬಾರ್ದು” ಎಂದ. ಯಾರದೋ ಹಳೆಯ ಚೀಟಿ ಎಂದು ಹೇಳಿ ಹಿಂತಿರುಗಿದೆ.

ಆದ್ದರಿಂದ ನೀವು ಡಾಕ್ಟರರನ್ನು ಕಂಡಿದ್ದಿರಿ, ನಿನಗೆ ವಿಷಯ ಗೊತ್ತಿತ್ತು. ಹಾಗಿದ್ದೂ ಮಾರನೆಯ ಬೆಳಿಗ್ಗೆ ಅವನನ್ನು ಸೈಕಲ್ ಹತ್ತಿಸಿದವರು ಯಾರು? ವೀಸಾದ ದಿನಗಳು ಮುಗಿಯುತ್ತವೆಂದು ನೀನು ಅವಸರಿಸಿದೆಯೋ? ಹೋದ ವಾರ ಹಜಾರದಲ್ಲಿ ಇದನ್ನೇ ಸೂಕ್ಷ್ಮವಾಗಿ ಕೇಳಿದೆ. ನೀನು ತಲೆ ತಗ್ಗಿಸಿ ಚಕ್ರದ ಗಾಳಿ ಅದುಮಿ ನೋಡುತ್ತಾ, “ಕೆಳಗಡೆ ಮಾತ್ನ ಮ್ಯಾಲಕ್ಕೆ ತರಬಾರ್ದು ಮೇಷ್ಟ್ರೇ” ಎಂದೆ.

ಆ ಮಾತಿನ ಮೂಲ ನನಗೆ ಗೊತ್ತು. ನನ್ನಪ್ಪನೂ ನಿನ್ನ ತಾತನೂ ನಂದಿದುರ್ಗದ ಚಿನ್ನದ ಗಣಿಯಲ್ಲಿ ಒಂದೇ ಪಾಳಿಯಲ್ಲಿ ಇಳಿಯುತ್ತಿದ್ದವರು. ಬಂಡೆ ಎಲ್ಲಿ ಸಡಿಲವಾಯಿತು, ಯಾರ ಕೈ ತಪ್ಪಿತು ಎಂಬುದನ್ನು ಅವರು ಮನೆಯ ಹೊಸ್ತಿಲು ದಾಟಿಸಿದವರಲ್ಲ. ಹೆಂಗಸರು ಹೆದರಬಾರದು, ತಪ್ಪಿದವನು ನಾಳೆಯೂ ತಲೆಯೆತ್ತಿ ಇಳಿಯಬೇಕು ಎಂಬುದು ಅದರ ಉದ್ದೇಶ. ಆದರೆ ಅದಕ್ಕೊಂದು ಷರತ್ತಿತ್ತು: ಇಳಿದವರೆಲ್ಲ ಹತ್ತಿ ಬಂದಿರಬೇಕು. ಒಬ್ಬ ಬಾರದೆ ಹೋದರೆ ಜೊತೆಗಾರ ಬಾಯಿ ಬಿಡಲೇಬೇಕು. ನೀನು ನಿಯಮವನ್ನು ಹಿಡಿದು ಷರತ್ತನ್ನು ಬಿಟ್ಟಿದ್ದೀಯೆ. ಯಾರನ್ನು ಕಾಯುವುದಕ್ಕೆ? ನಿನ್ನನ್ನೋ, ಬೇರೆ ಯಾರನ್ನಾದರೂ?

ಉತ್ತರವನ್ನು ಕಾಗದದಲ್ಲೇ ಬರೆ, ನನ್ನ ಹೆಸರಿಗೆ. ಸುಮಲತಳ ಫೋನಿಗೆ ಏನನ್ನೂ ಕಳಿಸಬೇಡ. ಡಾಕ್ಟರರಲ್ಲಿಂದ ಬಂದ ಮೇಲೆ ಅವನು ಏನೆಂದ, ಯಾರೊಂದಿಗೆ ಮಾತನಾಡಿದ? ಮುಖ್ಯವಾಗಿ, ಸಂಜೆ ಐದರ ಹೊತ್ತಿಗೆ ನೀನು ಅವನಿಂದ ಎಷ್ಟು ದೂರದಲ್ಲಿದ್ದೆ, ನಿನ್ನ ಕಿವಿಗೆ ಬಿದ್ದದ್ದೇನು ಎಂಬುದು ನನಗೆ ಸ್ಪಷ್ಟವಾಗಿ ಬೇಕು.

ತೀರ್ಪನ್ನು ನಿನ್ನ ಉತ್ತರಕ್ಕಾಗಿ ಕಾಯ್ದಿರಿಸಿಕೊಂಡಿರುವ,
ಕೋದಂಡಪ್ಪ

ಸಹಿ ಹಾಕಿದ ಮೇಲೆ ಬರೆದದ್ದು: ಅಂಟಿಸಿದ ಲಕೋಟೆಯನ್ನು ಎರಡು ದಿನ ಇಟ್ಟುಕೊಂಡಿದ್ದು ಈಗ ಒಡೆದಿದ್ದೇನೆ. ಅವತ್ತು ಅಲ್ಲಿ ಐದು ಗಂಟೆ, ಇಲ್ಲಿ ಮೂರೂವರೆ. ಗೋಪಿ ನನಗೆ ಫೋನ್ ಮಾಡಿದ್ದ. ಡಾಕ್ಟರು ತುಳಿಯಬೇಡ ಎಂದಿದ್ದಾರೆ, ವಾಪಸು ಬರುತ್ತೇನೆ ಅಪ್ಪಾ ಎಂದ. ಹಾರ ಹಾಕಿ ಕಳಿಸಿದ ಶಾಲೆಯ ಮಕ್ಕಳಿಗೆ ಏನು ಹೇಳುತ್ತೀಯೆ ಎಂದು ಶುರುಮಾಡಿ ಹನ್ನೊಂದು ನಿಮಿಷ ಮಾತನಾಡಿದೆ. ಅವನ ಒಂದೊಂದು ಕಾರಣಕ್ಕೂ ನನ್ನಲ್ಲಿ ಖಂಡನೆಯಿತ್ತು. ಕೊನೆಗೆ “ಸರಿ ಬಿಡಿ, ನೀವೇ ಗೆದ್ರಿ” ಎಂದು ನಕ್ಕ. ಅವನ ಸಾಮಾನಿನೊಂದಿಗೆ ಆ ಫೋನ್ ಮನೆಗೆ ಬಂದಾಗ ಕರೆಯ ಗುರುತನ್ನು ಅಳಿಸಿದವನು ನಾನೇ. ನೀನು ಪಕ್ಕದಲ್ಲೇ ಇದ್ದು ಎಲ್ಲ ಕೇಳಿದ್ದೀಯೆ ಎಂಬ ಗುಮಾನಿ ಆರು ತಿಂಗಳಿಂದ ನನ್ನನ್ನು ಬಿಟ್ಟಿಲ್ಲ. ಕೇಳಿದ್ದರೆ ಉತ್ತರ ಬರೆಯಬೇಡ. ಭಾನುವಾರ ಸುಮಲತಳಿಗೆ ನಾನೇ ಹೇಳುತ್ತೇನೆ. ಆಮೇಲೆ ಬಂದು ಸೈಕಲ್ಲನ್ನು ಅವಳಲ್ಲಿ ಕೇಳು. ಅವಳು ಏನು ಹೇಳಿದರೂ ನಾನು ವಾದಿಸುವುದಿಲ್ಲ.