ನವೆಂಬರಿನ ಚಪ್ಪಲಿ

ಪ್ರೀತಿಯ ಅಕ್ಕ,

ಅಪ್ಪನ ಹಳೇ ಕಂಪ್ಯೂಟರಿನ ಮನೆಖರ್ಚಿನ ಲೆಕ್ಕವೆಲ್ಲ ಅಮ್ಮನ ಹೊಸ ಕಂಪ್ಯೂಟರಿಗೆ ಬಂತು. ಒಂದರ ಫೈಲು ಇನ್ನೊಂದಕ್ಕೆ ಅರ್ಥವಾಗದಂತೆ ಮಾಡುವ ಕಂಪನಿಗಳ ದರ್ಪದ ಮೇಲೆ ಕರಪತ್ರ ಬರೆಯುತ್ತಿದ್ದೇನೆ. ಹೊಸದು ತಾರೀಖನ್ನೇ ತಿಂಗಳೆಂದು ಓದಿಕೊಂಡು, 11/1 ಎಂದಿದ್ದ ಜನವರಿ ಹನ್ನೊಂದರ ಚಪ್ಪಲಿ ಖರ್ಚನ್ನು ನವೆಂಬರ್ ಒಂದಕ್ಕೆ ಹಾಕಿದೆ. ಫೆಬ್ರವರಿಯಲ್ಲಿ ತೀರಿಕೊಂಡ ಅಪ್ಪ ಬರುವ ನವೆಂಬರಿನಲ್ಲಿ ಅಮ್ಮನಿಗೆ ಚಪ್ಪಲಿ ಕೊಡಿಸುತ್ತಾರೆ!

ತಿದ್ದಲು ಕೂತರೆ ಅಮ್ಮ ಕೈ ಹಿಡಿದಳು. "ಇರ್ಲಿ ಬಿಡೋ. ಅಲ್ಲೀತನಕ ನಿಮ್ಮಪ್ಪ ಓಡಾಡ್ಕೊಂಡಿರ್ಲಿ. ಆ ಅಂಗಡಿಯವನ ಹತ್ರ ಚೌಕಾಸಿ ಮಾಡೋಕೆ ಅವರೇ ಸರಿ."

ಸುಳ್ಳಿನೊಂದಿಗೆ ರಾಜಿಯಿಲ್ಲ ಎಂದು ಗೋಡೆಗೋಡೆಗೆ ಬರೆದವನು ನಾನು. ತಿದ್ದಿದ ಪ್ರತಿ ನಿನಗೆ ಕಳಿಸಿದ್ದೇನೆ, ಅಪ್ಪನ ಆಸ್ತಿಯ ಕಾಗದಪತ್ರ ನೋಡುತ್ತಿರುವ ವಕೀಲರಿಗೆ ಅದನ್ನೇ ಕೊಡು. ಅಮ್ಮನ ಕಂಪ್ಯೂಟರಿನಲ್ಲಿರುವುದನ್ನು ಮಾತ್ರ ಮುಟ್ಟಬೇಡ. ನವೆಂಬರ್ ಒಂದಕ್ಕೆ ಚಪ್ಪಲಿ ನಾನು ತರುತ್ತೇನೆ. ಆಗ ಅದು ಸುಳ್ಳಾಗುವುದಿಲ್ಲ.

ಅವಳ ಕಾಲಿನ ಅಳತೆ ನನಗೆ ಗೊತ್ತಿಲ್ಲ. ತಿಳಿಸು.

ಇದೊಂದು ಸಲ ರಾಜಿಯಾದ
ನಿನ್ನ ತಮ್ಮ