ಸೊಟ್ಟ ಗುಂಡಿಯ ಸ್ವೆಟರ್

ಪುಟ್ಟಿ,

ಎದ್ದವಳೇ ಗಾಬರಿಯಾಗಿ ಮನೆಯೆಲ್ಲ ಹುಡುಕಬೇಡ. ಇವತ್ತಿಂದ ಮತ್ತೆ ಬೇಕರಿ ಕೆಲಸಕ್ಕೆ ಹೊರಟಿದ್ದೀನಿ, ಒಬ್ಬಳೇ. ಜೊತೆಗೆ ಬರ್ತೀನಿ ಅಂತ ನೀನು ಇಟ್ಟುಕೊಂಡಿದ್ದ ಅಲಾರಂ ಆಫ್ ಮಾಡಿದ್ದೂ ನಾನೇ. ಬೈಯೋದಿದ್ದರೆ ಸಂಜೆ ಬೈಯಿ.

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ ಅಂತ ನಗಬೇಡ. ಹೊಸ ಕೈಯಲ್ಲಿ ಬರೆದದ್ದು. ಪೆನ್ಸಿಲ್ ಮುರಿದೂ ಮುರಿದೂ ಕೊನೆಗೆ ಹಿಡಿತ ಸಿಕ್ತು.

ಹಾಲು ಕಾಯಿಸಿಟ್ಟಿದ್ದೀನಿ. ಸ್ವಲ್ಪ ಉಕ್ಕಿತು, ಒಲೆ ಒರೆಸಿದ್ದೀನಿ.

ನನಗೆ ಕಷ್ಟ ಆಗುತ್ತೆ ಅಂತ ಡಬ್ಬಿ ಮುಚ್ಚಳ ಸಡಿಲ ಬಿಡೋದನ್ನ ಇವತ್ತಿಗೆ ನಿಲ್ಲಿಸು. ಸಕ್ಕರೆ ತುಂಬ ಇರುವೆ. ಬಿಗಿಯಾಗಿ ಮುಚ್ಚು, ತೆಗೆಯೋದು ನನ್ನ ತಲೆನೋವು.

ನಿನ್ನ ಫೋನ್ ಚಾರ್ಜಿಗೆ ಹಾಕೋಕೆ ನನ್ನ ಕೈಯ ಪ್ಲಗ್ ಇನ್ನೊಂದ್ಸಲ ಕಿತ್ತರೆ ನೋಡು! ಮೊನ್ನೆ ತರಕಾರಿ ಅಂಗಡಿಯಲ್ಲಿ ಬ್ಯಾಟರಿ ಮುಗಿದು, ಟೊಮೆಟೊ ಹಿಡಿದ ಕೈ ಹಿಡಿದ ಹಾಗೇ ನಿಂತುಬಿಡ್ತು. ಅಂಗಡಿಯವನು ಪಾಪ, ತಕ್ಕಡಿ ಹಿಡ್ಕೊಂಡು ಕಾಯ್ತಾ ಇದ್ದ.

ಮಾಲೀಕರು ಕೌಂಟರಲ್ಲಿ ಕೂತ್ಕೊಳ್ಳಿ ಅಂದಿದ್ದಾರೆ, ಕೂರ್ತೀನಿ. ನನ್ನ ಕೈ ತಿಂದ ಆ ಹಿಟ್ಟು ಕಲಸೋ ಯಂತ್ರದ ಹತ್ತಿರ ಇವತ್ತೇ ಹೋಗಲ್ಲ, ನಿನ್ನಾಣೆ.

ಸ್ವೆಟರ್ ಗುಂಡಿ ನಾನೇ ಹಾಕ್ಕೊಂಡೆ. ಒಂದು ಮೇಲೆ ಕೆಳಗಾಗಿದೆ. ಅದನ್ನ ಸರಿ ಮಾಡೋಕೆ ಬಸ್ ಸ್ಟಾಪಿಗೆ ಓಡಿ ಬರಬೇಡ. ಒಂದನೇ ಕ್ಲಾಸಲ್ಲಿ ನೀನೂ ‘ನಾನೇ ಹಾಕ್ಕೋತೀನಿ’ ಅಂತ ರಚ್ಚೆ ಹಿಡಿದು, ಸೊಟ್ಟಗೆ ಹಾಕ್ಕೊಂಡು, ರಾಣಿ ಥರ ಹೋಗ್ತಿದ್ದೆ. ಸರಿ ಮಾಡೋಕೆ ಕೈ ಚಡಪಡಿಸ್ತಿದ್ರೂ ನಾನು ಬಾಗಿಲಲ್ಲೇ ನಿಂತಿರ್ತಿದ್ದೆ.

ಈಗ ನೀನೂ ಹಾಗೇ ತಡ್ಕೋ.

ಅಮ್ಮ